ದ್ರಾಕ್ಷಿಗೂ ಒಂದು ಚರಗ ಬೇಕು

ಮಾನ್ಯ ಸಂಪಾದಕರೇ,

ನಗರಗಳಲ್ಲಿ ಆಗಾಗ ನಡೆಯುವ ದ್ರಾಕ್ಷಾರಸ ಉತ್ಸವಗಳ ಸುದ್ದಿಯನ್ನು ತಮ್ಮ ಪತ್ರಿಕೆಯಲ್ಲಿ ಹಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಬಾಟಲಿಗಳ ಸಾಲು, ರಿಯಾಯಿತಿ ದರದ ಫಲಕ, ಉದ್ಘಾಟನೆಯ ವೇದಿಕೆ ಎಲ್ಲವೂ ಆ ಚಿತ್ರಗಳಲ್ಲಿ ಇರುತ್ತವೆ. ದ್ರಾಕ್ಷಿ ಬೆಳೆದವನು ಮಾತ್ರ ಇರುವುದಿಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ 22 ವರ್ಷಗಳಿಂದ ದ್ರಾಕ್ಷಿ ಪಡ (ತೋಟ) ಮಾಡಿಕೊಂಡಿರುವ ನನಗೆ ಇದು ಎಂದೂ ವಿಚಿತ್ರವೆನಿಸಿರಲಿಲ್ಲ, ಏಕೆಂದರೆ ಹಣ್ಣು ಪಡದಿಂದ ಹೊರಬಿದ್ದ ಮೇಲೆ ಅದು ನಮ್ಮದಲ್ಲ ಎಂಬುದಕ್ಕೆ ನಾವು ಒಗ್ಗಿಹೋಗಿದ್ದೇವೆ. ಕಳೆದ ಅಕ್ಟೋಬರ್‌ನಲ್ಲಿ ಜರ್ಮನಿಯ ಫೆಲ್‌ಬಾಖ್ ಎಂಬ ಊರಿನ ದ್ರಾಕ್ಷಿ ಸುಗ್ಗಿಯ ಹಬ್ಬವನ್ನು ಕಣ್ಣಾರೆ ಕಂಡು ಬಂದ ಮೇಲೆ, ಹಾಗೆ ಒಗ್ಗಿಹೋದದ್ದೇ ತಪ್ಪು ಎಂದು ಅನ್ನಿಸತೊಡಗಿದೆ. ಅಲ್ಲಿ ಕಂಡದ್ದನ್ನೂ, ಅದರಿಂದ ನನ್ನಲ್ಲಿ ಹುಟ್ಟಿದ ಒಂದು ಬೇಡಿಕೆಯನ್ನೂ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮಗಳು ಮತ್ತು ಅಳಿಯ ಸ್ಟುಟ್‌ಗಾರ್ಟ್‌ನಲ್ಲಿ ಎಂಜಿನಿಯರುಗಳಾಗಿದ್ದಾರೆ. ಆ ನಗರಕ್ಕೂ ಕರ್ನಾಟಕಕ್ಕೂ ನಂಟು ಹಳೆಯದು. ಬೆಂಗಳೂರಿನ ಆಡುಗೋಡಿಯಲ್ಲಿ ಜನ ಮೈಕೋ ಎಂದೇ ಕರೆಯುತ್ತಿದ್ದ ಬಾಷ್ ಕಂಪನಿ ಹುಟ್ಟಿದ್ದು ಸ್ಟುಟ್‌ಗಾರ್ಟ್‌ನಲ್ಲಿಯೇ. ಕಾರು ಮತ್ತು ಯಂತ್ರಗಳ ಆ ನಗರದ ಅಂಚಿನಲ್ಲಿ, ಕೆಲವೆಡೆ ನಗರದ ಒಳಗೇ, ಗುಡ್ಡದ ಇಳಿಜಾರುಗಳ ತುಂಬ ದ್ರಾಕ್ಷಿ ಇದೆಯೆಂಬುದು ಹೋಗಿ ನೋಡುವವರೆಗೆ ನನಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅಕ್ಟೋಬರ್‌ನಲ್ಲಿ ಊರು ಬಿಡುವುದಕ್ಕೆ ನನ್ನ ಮನಸ್ಸು ಒಪ್ಪಿರಲಿಲ್ಲ. ನಮ್ಮಲ್ಲಿ ಅದು ಹಣ್ಣಿನ ಚಾಟ್ನಿಯ, ಅಂದರೆ ಹಣ್ಣಿಗಾಗಿ ಬಳ್ಳಿ ಸವರುವ, ಕಾಲ. ಏಪ್ರಿಲ್‌ನಲ್ಲಿ ಒಮ್ಮೆ ಕಡ್ಡಿಗಾಗಿ, ಅಕ್ಟೋಬರ್‌ನಲ್ಲಿ ಒಮ್ಮೆ ಹಣ್ಣಿಗಾಗಿ ಬಳ್ಳಿಯನ್ನು ಸವರದಿದ್ದರೆ ನಮ್ಮ ಬಿಸಿಲಿನಲ್ಲಿ ಅದು ಬೆಳೆಯುತ್ತಲೇ ಇರುತ್ತದೆಯೇ ಹೊರತು ಫಲ ಕೊಡುವುದಿಲ್ಲ. ತಮ್ಮನಿಗೆ ಪಡವನ್ನು ಒಪ್ಪಿಸಿ ಹೋದೆ. ನಮ್ಮ ಬಳ್ಳಿ ಬೋಳಾಗಿ ನಿಂತ ಅದೇ ವಾರದಲ್ಲಿ ಅಲ್ಲಿನ ಬಳ್ಳಿ ಹಣ್ಣು ಹೊತ್ತು ನಿಂತಿತ್ತು. ಅಲ್ಲಿ ಚಳಿ ಬಂದರೆ ಬಳ್ಳಿ ಮಲಗುತ್ತದೆ, ವರ್ಷಕ್ಕೆ ಒಂದೇ ಚಾಟ್ನಿ ಸಾಕು.

ಫೆಲ್‌ಬಾಖ್ ಊರು ಕಾಪೆಲ್‌ಬೆರ್ಗ್ ಎಂಬ ಗುಡ್ಡದ ಬುಡದಲ್ಲಿದೆ. ಗುಡ್ಡದ ಎತ್ತರ 469 ಮೀಟರ್. ಅದರ ಮೈಗೆ ಸಾಲು ಸಾಲಾಗಿ ಟ್ರೋಲಿಂಗರ್, ಲೆಂಬೆರ್ಗರ್, ರೀಸ್ಲಿಂಗ್ ತಳಿಯ ಬಳ್ಳಿಗಳು. ಅಲ್ಲಿನ ಹಬ್ಬದ ಹೆಸರು ಫೆಲ್‌ಬಾಖರ್ ಹೆರ್ಬ್‌ಸ್ಟ್. ಜರ್ಮನ್ ಕಲಿತ ಅಳಿಯ ಹೆರ್ಬ್‌ಸ್ಟ್ ಎಂದರೆ ಶರತ್ಕಾಲ ಎಂದು ಹೇಳಿದ. ಆದರೆ ಅಲ್ಲಿನ ಬೆಳೆಗಾರರ ಬಾಯಲ್ಲಿ ಆ ಮಾತಿಗೆ ದ್ರಾಕ್ಷಿ ಕಟಾವು ಎಂದೇ ಅರ್ಥ. ನಮ್ಮಲ್ಲಿ ಸುಗ್ಗಿ ಎಂದರೆ ಕಾಲವೂ ಹೌದು, ಕೊಯ್ಲೂ ಹೌದು, ಹಬ್ಬವೂ ಹೌದಲ್ಲವೇ, ಹಾಗೆ. ಎರಡನೆಯ ಮಹಾಯುದ್ಧ ಮುಗಿದು ಮೂರು ವರ್ಷವಾಗಿದ್ದ 1948ರಲ್ಲಿ ಆರಂಭವಾದ ಈ ಹಬ್ಬ ಪ್ರತಿ ವರ್ಷ ಅಕ್ಟೋಬರ್‌ನ ಎರಡನೆಯ ವಾರಾಂತ್ಯದಲ್ಲಿ ನಡೆಯುತ್ತದೆ.

ಹಬ್ಬಕ್ಕೆ ಒಂದು ವಾರ ಮೊದಲು, ಮಗಳ ಸಹೋದ್ಯೋಗಿಯೊಬ್ಬರ ಬಂಧುಗಳ ತೋಟದಲ್ಲಿ ಅರ್ಧ ದಿನ ಹಣ್ಣು ಕತ್ತರಿಸುವ ಅವಕಾಶ ನಮಗೆ ದೊರೆಯಿತು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಒಬ್ಬೊಬ್ಬರ ಕೈಗೂ ಒಂದು ಸಣ್ಣ ಕತ್ತರಿ, ಒಂದು ಬಕೆಟ್ಟು ಕೊಟ್ಟು, ಸಾಲಿನ ಎರಡು ಬದಿಗೆ ಇಬ್ಬಿಬ್ಬರನ್ನು ನಿಲ್ಲಿಸಿದರು. ನನ್ನ ಹೆಂಡತಿಗೆ ಯಾರೂ ಏನನ್ನೂ ಕಲಿಸಬೇಕಾಗಲಿಲ್ಲ. ಅವಳು ಎಡಗೈಯ ಎರಡು ಬೆರಳಿನಿಂದ ಗೊನೆಯ ತೊಟ್ಟನ್ನಷ್ಟೇ ಹಿಡಿದು, ಹಣ್ಣಿಗೆ ಕೈ ತಾಗದಂತೆ ಕತ್ತರಿಸಿ, ಬಕೆಟ್ಟಿನಲ್ಲಿ ಮಗುವನ್ನು ಮಲಗಿಸುವಂತೆ ಇಡತೊಡಗಿದಳು. ಹಣ್ಣಿನ ಮೇಲಿನ ಬಿಳಿ ಹುಡಿ ಅಳಿಸಿದರೆ ನಮ್ಮಲ್ಲಿ ವ್ಯಾಪಾರಿ ದರ ಇಳಿಸುತ್ತಾನೆ. ತೋಟದ ಯಜಮಾನರು, ಸುಮಾರು ಎಪ್ಪತ್ತು ವರ್ಷದ ಹಿರಿಯರು, ಅವಳ ಪಕ್ಕ ಬಂದು ನಿಂತು ಸ್ವಲ್ಪ ಹೊತ್ತು ನೋಡಿದರು. ಇದು ಹೇಗೂ ಗಾಣಕ್ಕೆ ಹೋಗುವ ಹಣ್ಣು, ಇಷ್ಟು ನಾಜೂಕು ಬೇಡ ಎಂದು ಮಗಳ ಮೂಲಕ ಹೇಳಿಸಿದರು. "ಇಷ್ಟು ವರ್ಷದ ಕೈ ರೀ, ಒಂದ ದಿನದಾಗ ಹೆಂಗ ಬದಲಾಗತೈತಿ" ಎಂದು ಅವಳು ನನ್ನ ಕಡೆ ತಿರುಗಿ ಹೇಳಿದಳು. ಮಗಳು ಅದನ್ನು ಜರ್ಮನ್‌ಗೆ ತಿರುಗಿಸಿದಾಗ ಆ ಹಿರಿಯರು ತಮ್ಮ ಟೊಪ್ಪಿಗೆ ತೆಗೆದು ಅವಳಿಗೆ ತಲೆಬಾಗಿದರು. ನಮ್ಮ ಪಡದಲ್ಲಿ ಹಣ್ಣು ಕೊಯ್ಯುವ ಯಾವ ಹೆಣ್ಣುಮಗಳಿಗೂ ಯಾರೂ ಹಾಗೆ ತಲೆಬಾಗಿದ್ದನ್ನು ನಾನು ಕಂಡಿಲ್ಲ. ನಾನೂ ಬಾಗಿಲ್ಲ.

ಮಧ್ಯಾಹ್ನ ಹಣ್ಣನ್ನು ಬೆಳೆಗಾರರ ಸಹಕಾರ ಸಂಘದ ಗಾಣಕ್ಕೆ ಒಯ್ದರು. ಅಲ್ಲಿ ಹಣ್ಣಿನ ತೂಕದ ಜೊತೆಗೆ ಸಿಹಿಯನ್ನೂ ಅಳೆಯುತ್ತಾರೆ. ನಾವು ಬ್ರಿಕ್ಸ್ ಎನ್ನುವಂತೆ ಅವರು ಎಕ್ಸ್‌ಲೆ ಎನ್ನುತ್ತಾರೆ. ಫೋರ್ಟ್ಸ್‌ಹೈಮ್ ಊರಿನ ಫರ್ಡಿನಾಂಡ್ ಎಕ್ಸ್‌ಲೆ ಎಂಬ ಕುಶಲಕರ್ಮಿ ರೂಪಿಸಿದ ಅಳತೆ ಅದು. ಒಂದು ಲೀಟರ್ ರಸ ಒಂದು ಲೀಟರ್ ನೀರಿಗಿಂತ 80 ಗ್ರಾಂ ಹೆಚ್ಚು ತೂಗಿದರೆ ಅದು 80 ಎಕ್ಸ್‌ಲೆ, ನಮ್ಮ ಲೆಕ್ಕದಲ್ಲಿ 19 ಬ್ರಿಕ್ಸಿನ ಆಸುಪಾಸು. ತೂಕ, ತಳಿ, ಸಿಹಿ ಮೂರನ್ನೂ ಮುದ್ರಿಸಿದ ಚೀಟಿ ಆ ಹಿರಿಯರ ಕೈಗೆ ಬಂತು. ಅವರು ಅದನ್ನು ಓದಿ, ಮಡಚಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಹಣ ಕಂತುಗಳಲ್ಲಿ ಬರುತ್ತದೆಯಂತೆ, ತಡವೂ ಆಗುತ್ತದೆಯಂತೆ, ಆದರೆ ಬರುತ್ತದೆ.

ಆ ಚೀಟಿಯನ್ನು ನೋಡುತ್ತಿದ್ದಾಗ ನನಗೆ ನೆನಪಾದದ್ದು ಕೆಲವು ವರ್ಷಗಳ ಹಿಂದಿನ ನಮ್ಮದೇ ಕಟಾವು. ಹೊರರಾಜ್ಯದ ವ್ಯಾಪಾರಿಯೊಬ್ಬ ಪಡಕ್ಕೆ ಬಂದು, ಹಣ್ಣು ಬಾಯಿಗಿಟ್ಟು, ದರವನ್ನು ಬಾಯಿಮಾತಿನಲ್ಲೇ ಹೇಳಿ, ಮುಂಗಡವೆಂದು ಒಂದಿಷ್ಟು ಕೊಟ್ಟು, ಎರಡು ಲಾರಿ ಹಣ್ಣು ತುಂಬಿಸಿಕೊಂಡು ಹೋದ. ಎಂಟನೆಯ ದಿನದಿಂದ ಅವನ ಫೋನು ಹತ್ತಲಿಲ್ಲ. ನನ್ನ ಬಳಿ ಅವನ ಕೈಬರಹದ ಒಂದು ಅಕ್ಷರವೂ ಇರಲಿಲ್ಲವಾದ್ದರಿಂದ ಠಾಣೆಯಲ್ಲಿ ಏನೆಂದು ಹೇಳಬೇಕೆಂಬುದೇ ತಿಳಿಯಲಿಲ್ಲ. ಆ ವರ್ಷ ಹೆಣ್ಣಾಳುಗಳ ಪಗಾರಕ್ಕೆ ಹೆಂಡತಿಯ ಬಂಗಾರ ಅಡವಿಟ್ಟೆವು. ದ್ರಾಕ್ಷಿ ಬೆಳೆಯುವ ನಮ್ಮ ಊರುಗಳಲ್ಲಿ ಇಂತಹ ಕತೆ ಇಲ್ಲದ ಓಣಿ ಕಡಿಮೆ.

ಹಬ್ಬದ ಶನಿವಾರ ನಗರದ ಬೀದಿಯಲ್ಲಿ ಮೆರವಣಿಗೆ ನಡೆಯಿತು. ಹಿತ್ತಾಳೆ ವಾದ್ಯದ ತಂಡಗಳ ಹಿಂದೆ, ಹೂವಿನಿಂದಲೂ ಬಳ್ಳಿಯಿಂದಲೂ ಅಲಂಕರಿಸಿದ ಬಂಡಿಗಳಲ್ಲಿ ದ್ರಾಕ್ಷಿಯ ರಾಶಿ, ಕುಂಬಳ, ಎಲೆಕೋಸು, ಸೇಬು. ಕೆಲವರ ಬೆನ್ನ ಮೇಲೆ ಹಳೆಯ ಕಾಲದ ಮರದ ಕೊಳಗ. ಟ್ರ್ಯಾಕ್ಟರ್ ಹತ್ತದ ಇಳಿಜಾರಿನಿಂದ ಹಣ್ಣನ್ನು ಹಿಂದೆ ಹೀಗೆ ಹೊತ್ತು ಇಳಿಸುತ್ತಿದ್ದರು. ವಾರದ ಹಿಂದೆ ನಮ್ಮೊಂದಿಗೆ ಬಕೆಟ್ಟು ಹಿಡಿದಿದ್ದ ಅದೇ ಹಿರಿಯರು ಮೊಮ್ಮಗನ ಕೈ ಹಿಡಿದು ಬಂಡಿಯ ಪಕ್ಕದಲ್ಲಿ ನಡೆದು ಬಂದರು. ಇಕ್ಕೆಲದಲ್ಲಿ ನಿಂತಿದ್ದ ಊರಿನ ಜನ, ಅವರಲ್ಲಿ ಕಾರಿನ ಕಾರ್ಖಾನೆಯವರು, ಬ್ಯಾಂಕಿನವರು, ಶಾಲೆಯ ಮಕ್ಕಳು, ಬೆಳೆಗಾರರನ್ನು ಹೆಸರು ಹಿಡಿದು ಕೂಗಿ ಕೈ ಬೀಸುತ್ತಿದ್ದರು. ನಾನು ಪ್ರವಾಸಿಯಾಗಿ ಹೋದವನು. ಅಷ್ಟು ಹೊತ್ತಿಗೆ ಮೊಬೈಲನ್ನು ಕಿಸೆಗೆ ಹಾಕಿ ಸುಮ್ಮನೆ ನಿಂತುಬಿಟ್ಟೆ. ರೈತನ ಹೆಸರನ್ನು ನಗರದ ಜನ ಬೀದಿಯಲ್ಲಿ ನಿಂತು ಕೂಗುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಒಂದು ಕೊರತೆಯನ್ನೂ ಇಲ್ಲಿ ಹೇಳಲೇಬೇಕು. ಜರ್ಮನಿಯ ತೋಟಗಳಲ್ಲಿ ಕಟಾವಿನ ಹಂಗಾಮಿಗೆ ರುಮೇನಿಯಾ, ಪೋಲೆಂಡ್‌ಗಳಿಂದ ಬಂದು ದುಡಿಯುವ ಕೂಲಿಕಾರರು ಬಹಳ. ನಾವು ಕೆಲಸ ಮಾಡಿದ ತೋಟದ ಪಕ್ಕದ ಸಾಲಿನಲ್ಲೂ ಅಂತಹ ಐದಾರು ಮಂದಿ ಇದ್ದರು. ನಮಗಿಂತ ಎರಡರಷ್ಟು ವೇಗದಲ್ಲಿ ಅವರ ಕೈ ಓಡುತ್ತಿತ್ತು. ಮೆರವಣಿಗೆಯಲ್ಲಿ ಅವರನ್ನು ಹುಡುಕಿದೆ. ನನ್ನ ಕಣ್ಣಿಗೆ ಬೀಳಲಿಲ್ಲ.

ಮದ್ಯದ ಪ್ರಶ್ನೆಯನ್ನು ಬದಿಗಿಟ್ಟು ಈ ಹಬ್ಬದ ಬಗ್ಗೆ ಬರೆಯುವುದು ಪ್ರಾಮಾಣಿಕವಾಗುವುದಿಲ್ಲ. ಕುಡಿತದಿಂದ ಮನೆ ಹಾಳಾಗುವುದನ್ನು ಹತ್ತಿರದಿಂದ ಕಂಡ ಊರಿನವನು ನಾನು, ಮತ್ತು ನಮ್ಮ ಭಾಗದ ಹೆಣ್ಣುಮಕ್ಕಳು ಸಾರಾಯಿ ಅಂಗಡಿಯ ವಿರುದ್ಧ ಎತ್ತಿದ ದನಿಯನ್ನು ಗೌರವಿಸುವವನು. ಫೆಲ್‌ಬಾಖ್‌ನಲ್ಲಿ ಸಂಜೆ ಕಳೆದಂತೆ ಗದ್ದಲವಿತ್ತು, ಕುಡಿದು ತೂರಾಡಿದ ಹುಡುಗರೂ ಇದ್ದರು; ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಹಬ್ಬದ ಪಾನೀಯ ಎಂದು ಜನ ಮೊದಲು ಕೇಳುವುದು ಹೊಸ ವೈನನ್ನು, ಅಂದರೆ ಇನ್ನೂ ಹುದುಗುತ್ತಲೇ ಇರುವ ರಸವನ್ನು. ಹಾಲು ಬೆರೆಸಿದಂತೆ ಮಸುಕಾಗಿರುವ, ನಾಲಿಗೆಗೆ ಚುರುಗುಟ್ಟುವ ಅದನ್ನು ಬಿಗಿಯಾಗಿ ಮುಚ್ಚಿದರೆ ಬಾಟಲಿ ಒಡೆದೀತು. ಆದ್ದರಿಂದ ಗಾಳಿಯಾಡುವ ಮುಚ್ಚಳ ಹಾಕಿ, ಮನೆಗೊಯ್ಯುವವರು ನೆಟ್ಟಗೆ ನಿಲ್ಲಿಸಿಯೇ ಒಯ್ಯುತ್ತಾರೆ. ಬೆಳಗಿನ ನೀರಾ ಹೊತ್ತೇರಿದಂತೆ ಹೆಂಡವಾಗುವುದನ್ನು ಬಲ್ಲ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದರ ಜೊತೆಗೆ ಈರುಳ್ಳಿ ಹಾಕಿ ಬೇಯಿಸಿದ ದಪ್ಪ ರೊಟ್ಟಿಯಂತಹ ತಿನಿಸು. ಹುದುಗುವ ಮುನ್ನಿನ ಸಿಹಿ ರಸವನ್ನು ಮಕ್ಕಳು ಕುಡಿಯುತ್ತಿದ್ದರು, ನನ್ನ ಹೆಂಡತಿಯೂ ಕುಡಿದಳು.

ಆ ನಾಡಿನ ಇನ್ನೊಂದು ಪದ್ಧತಿಯನ್ನು ನಮ್ಮ ನೀತಿ ರೂಪಿಸುವವರು ಗಮನಿಸಬೇಕೆಂದು ನನ್ನ ಆಸೆ. ತನ್ನ ತೋಟದ ದ್ರಾಕ್ಷಿಯಿಂದ ಮಾಡಿದ ವೈನನ್ನು ಬೆಳೆಗಾರ ವರ್ಷದಲ್ಲಿ ನಾಲ್ಕು ತಿಂಗಳು ಮೀರದಂತೆ, 40 ಆಸನ ಮೀರದಂತೆ, ತನ್ನ ಮನೆಯಲ್ಲೇ ಸರಳ ಊಟದೊಂದಿಗೆ ಬಡಿಸಿ ಮಾರಬಹುದು. ಅದಕ್ಕೆ ಹೋಟೆಲಿನ ಪರವಾನಗಿ ಬೇಕಿಲ್ಲ. ಮನೆ ತೆರೆದಿದೆ ಎಂಬುದಕ್ಕೆ ಗುರುತಾಗಿ ಬಾಗಿಲಿಗೆ ಒಂದು ಕಸಬರಿಗೆ ಕಟ್ಟುತ್ತಾರೆ. ಕಸಬರಿಗೆಗೆ ಅವರ ಭಾಷೆಯಲ್ಲಿ ಬೇಸೆನ್ ಎನ್ನುವುದರಿಂದ ಆ ಮನೆಗಳಿಗೂ ಅದೇ ಹೆಸರು. ನಾವು ಹೋದ ಅಂತಹ ಒಂದು ಮನೆಯಲ್ಲಿ ಯಜಮಾನತಿ ಊಟ ಬಡಿಸುತ್ತಿದ್ದಳು, ಅವಳ ಮಾವ ಮೂಲೆಯಲ್ಲಿ ಕುಳಿತು ಯಾವ ವೈನು ಯಾವ ಸಾಲಿನ ಬಳ್ಳಿಯದು ಎಂದು ಬಂದವರಿಗೆ ಹೇಳುತ್ತಿದ್ದರು. ಬೆಳೆದವನಿಗೂ ಉಣ್ಣುವವನಿಗೂ ನಡುವೆ ಒಂದು ಮೇಜು ಮಾತ್ರ. ನಮ್ಮಲ್ಲಿ ಇದೇ ರೀತಿ ವೈನು ಮಾರಬೇಕೆಂದು ನಾನು ಕೇಳುತ್ತಿಲ್ಲ. ಒಣದ್ರಾಕ್ಷಿಗೆ, ರಸಕ್ಕೆ, ತಾಜಾ ಹಣ್ಣಿಗೆ ಇಂತಹ ಒಂದು ಮೇಜು ಏಕೆ ಇಲ್ಲ ಎಂದಷ್ಟೇ ಕೇಳುತ್ತಿದ್ದೇನೆ.

ಕಾಪೆಲ್‌ಬೆರ್ಗ್ ಸುತ್ತಿನ ಬೆಟ್ಟಗಳಲ್ಲಿ ರೋಟನ್‌ಬೆರ್ಗ್ ಎಂಬ ಊರಿನ ಮೇಲೆ ಆ ಸೀಮೆಯ ಹಿಂದಿನ ರಾಣಿ ಕಾಟರೀನಾಳ ಸಮಾಧಿ ಮಂದಿರವಿದೆ. 1815ರಲ್ಲಿ ಇಂಡೋನೇಷ್ಯಾದ ತಂಬೋರ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬಾರದೆ ಬೆಳೆ ಕೈಕೊಟ್ಟು ಜನ ಹಸಿದಾಗ, ಆ ರಾಣಿ ಮತ್ತು ರಾಜ ಒಂದನೆಯ ವಿಲ್‌ಹೆಲ್ಮ್ 1818ರಲ್ಲಿ ಹತ್ತಿರದ ಕಾನ್‌ಸ್ಟಾಟ್‌ನಲ್ಲಿ ರೈತರ ಮೇಳವೊಂದನ್ನು ಆರಂಭಿಸಿದರು. ಒಳ್ಳೆಯ ರಾಸುಗಳಿಗೆ ಬಹುಮಾನ, ಹಣ್ಣು ಧಾನ್ಯಗಳಿಂದ ಅಲಂಕರಿಸಿದ ಎತ್ತರದ ಕಂಬ. ಇಂದು ಅದು ದೊಡ್ಡ ಜಾತ್ರೆಯಾಗಿ ಬೆಳೆದಿದೆ, ಆ ಕಂಬ ಈಗಲೂ ನಿಲ್ಲುತ್ತದೆ. ರೈತನನ್ನು ಕರೆದು ಎದುರಿಗೆ ಕೂರಿಸುವ ರೂಢಿ ಆ ನಾಡಿನಲ್ಲಿ ಹಸಿವಿನಿಂದ ಕಲಿತ ಪಾಠವೆಂದು ನನಗೆ ತೋರುತ್ತದೆ.

ಕನ್ನಡ ಪತ್ರಿಕೆಗೆ ಬರೆಯುತ್ತಿರುವುದರಿಂದ ಇನ್ನೊಂದು ಸಂಗತಿಯನ್ನು ಸೇರಿಸುತ್ತೇನೆ. ಗುಡ್ಡದ ಆಚೆ, ನೆಕ್ಕಾರ್ ನದಿಯ ದಡದಲ್ಲಿ, ದ್ರಾಕ್ಷಿಯ ಇಳಿಜಾರುಗಳೇ ಕಾವಲಿರುವ ಎಸ್ಲಿಂಗೆನ್ ಎಂಬ ಊರಿದೆ. 1843ರಲ್ಲಿ ಮಂಗಳೂರಿನಿಂದ 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡದಲ್ಲಿ ಪತ್ರಿಕೆಯೆಂಬುದನ್ನು ಆರಂಭಿಸಿದ ಹೆರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಅಲ್ಲಿ. ಅವರು 1811ರಲ್ಲಿ ಹುಟ್ಟಿದ ಬ್ರಾಕನ್‌ಹೈಮ್ ಕೂಡ ಅದೇ ಸೀಮೆಯ ಹೆಸರಾಂತ ದ್ರಾಕ್ಷಿ ಊರು. ನಾವು ಒಂದು ಮಧ್ಯಾಹ್ನ ಎಸ್ಲಿಂಗೆನ್‌ನ ಬೀದಿಗಳಲ್ಲಿ ನಡೆದಾಡಿದೆವು. ಜುಲೈ 1ರಂದು ಪತ್ರಿಕಾ ದಿನ ಆಚರಿಸುವ ನಮ್ಮ ನಾಡಿಗೆ ಆ ಇಳಿಜಾರುಗಳು ಅಷ್ಟೇನೂ ಪರಕೀಯವಲ್ಲ ಎಂದು ಅಲ್ಲಿ ನಿಂತಾಗ ಅನ್ನಿಸಿತು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು, ಅದರ ಬೆನ್ನಿಗೆ ಒಂದು ಮಂಡಳಿಯೂ ಬಂತು. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಇವು ಒಳ್ಳೆಯ ಕೆಲಸಗಳು, ನಾನು ಅಲ್ಲಗಳೆಯುವುದಿಲ್ಲ. ಆದರೆ ದ್ರಾಕ್ಷಿಯ ಹೆಸರಿನಲ್ಲಿ ನಾವು ಮಾಡುವ ಉತ್ಸವ ಕೊಳ್ಳುವವನ ಊರಿನಲ್ಲಿ ನಡೆಯುತ್ತದೆ, ಬೆಳೆಯುವವನ ಊರಿನಲ್ಲಿ ಅಲ್ಲ. ಮತ್ತು ಅದರ ನಡುವೆ ಇರುವುದು ಬಾಟಲಿ, ಹಣ್ಣಲ್ಲ. ವಿಜಯಪುರದ ಹಣ್ಣಿನ ಬಹುಪಾಲು ವೈನಿಗೆ ಹೋಗುವುದೂ ಇಲ್ಲ. 22 ಬ್ರಿಕ್ಸ್ ದಾಟುವವರೆಗೆ ಕಾದು, ಕತ್ತರಿಸಿ, ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಎರಡು ವಾರ ನೆರಳಿನಲ್ಲಿ ಒಣಗಿಸಿದರೆ ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ ಬರುತ್ತದೆ. ಅದನ್ನು ಬಣ್ಣಕ್ಕೆ ಬಣ್ಣ ಬೇರ್ಪಡಿಸಿ, ಪೆಟ್ಟಿಗೆ ತುಂಬಿ, ನಮ್ಮಲ್ಲಿ ಬಹಳ ಜನ ಮಹಾರಾಷ್ಟ್ರದ ತಾಸಗಾಂವಕ್ಕೋ ಸಾಂಗಲಿಗೋ ಒಯ್ದು ಮಾರುತ್ತಾರೆ. ನಮ್ಮ ಜಿಲ್ಲೆಯ ಹೆಸರು ಆ ಪೆಟ್ಟಿಗೆಯೊಂದಿಗೆ ಗಡಿ ದಾಟಿದ ಮೇಲೆ ಅಳಿಸಿಹೋಗುತ್ತದೆ.

ನಮ್ಮ ಹಿರಿಯರು ಪ್ರತಿ ದುಡಿಮೆಗೂ ಒಂದು ದಿನ ಇಟ್ಟರು. ಎತ್ತಿಗೆ ಕಾರಹುಣ್ಣಿಮೆ. ಹಿಂಗಾರಿ ಜೋಳಕ್ಕೆ ಎಳ್ಳಮಾವಾಸ್ಯೆ. ಆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ ಎಲ್ಲವನ್ನೂ ಭೂಮಿತಾಯಿಗೆ ತೋರಿಸಿ, ನಾಲ್ಕು ದಿಕ್ಕಿಗೆ ಚರಗ (ಆ ನೈವೇದ್ಯದ ತುತ್ತು) ಚೆಲ್ಲಿ, ಬಂದವರನ್ನೆಲ್ಲ ಕೂರಿಸಿ ಉಣ್ಣುತ್ತೇವೆ. ದ್ರಾಕ್ಷಿ ನಮ್ಮಲ್ಲಿಗೆ ತಡವಾಗಿ ಬಂದ ಬೆಳೆ. ಅದು ಸಾಲದೊಂದಿಗೆ, ಔಷಧದ ಪಂಪಿನೊಂದಿಗೆ, ತಂತಿ ಕಂಬಗಳೊಂದಿಗೆ ಬಂತು, ಹಬ್ಬದೊಂದಿಗೆ ಬರಲಿಲ್ಲ. ವರ್ಷವಿಡೀ ದುಡಿಸಿಕೊಳ್ಳುವ, ಒಂದು ಆಲಿಕಲ್ಲು ಮಳೆಗೆ ಎಲ್ಲವನ್ನೂ ನುಂಗಿಬಿಡುವ ಈ ಬೆಳೆಯ ಮೊದಲ ಗೊನೆ ಕತ್ತರಿಸುವ ದಿನ ನಮ್ಮ ಮನೆಗಳಲ್ಲಿ ದೀಪವೂ ಹಚ್ಚುವುದಿಲ್ಲ. ಆ ದಿನ ನಾವು ಲಾರಿಯವನಿಗೆ ಫೋನು ಹಚ್ಚುತ್ತಿರುತ್ತೇವೆ.

ಆದ್ದರಿಂದ ತೋಟಗಾರಿಕೆ ಇಲಾಖೆ, ವೈನ್ ಮಂಡಳಿ ಮತ್ತು ನಮ್ಮ ಭಾಗದ ಜನಪ್ರತಿನಿಧಿಗಳನ್ನು ನಾನು ಕೇಳಿಕೊಳ್ಳುವುದು ಇಷ್ಟೇ. ವರ್ಷಕ್ಕೆ ಒಂದು ದ್ರಾಕ್ಷಿ ಹಬ್ಬವನ್ನಾದರೂ ದ್ರಾಕ್ಷಿ ಬೆಳೆಯುವ ಊರಿನಲ್ಲಿ, ಕಟಾವಿನ ಕಾಲವಾದ ಫೆಬ್ರುವರಿ ಮಾರ್ಚಿನಲ್ಲಿ ಮಾಡಿ. ಹಣ್ಣು, ಒಣದ್ರಾಕ್ಷಿ, ರಸ ಎದುರಿಗಿರಲಿ. ವೈನು ಬೇಕಾದವರಿಗೆ ಅದಕ್ಕೊಂದು ಮೂಲೆ ಇದ್ದರೆ ಸಾಕು. ಎಲ್ಲರೆದುರಿಗೆ ತೂಗಿ, ಬ್ರಿಕ್ಸ್ ಅಳೆದು, ದರ ಬರೆದು ಕೊಡುವ ಚೀಟಿಯ ಪದ್ಧತಿ ಆ ಹಬ್ಬದ ದಿನ ಆರಂಭವಾಗಲಿ, ಅಲ್ಲಿಂದ ಪಡಕ್ಕೆ ಬರಲಿ. ಮತ್ತು ಮೆರವಣಿಗೆಯೊಂದು ಹೊರಡುವುದಾದರೆ ಕತ್ತರಿ ಹಿಡಿದ ಹೆಣ್ಣಾಳುಗಳು ಅದರ ಮುಂದಿನ ಸಾಲಿನಲ್ಲಿ ನಡೆಯಲಿ. ಫೆಲ್‌ಬಾಖ್‌ನಲ್ಲಿ ನನಗೆ ಕಾಣದೆ ಹೋದದ್ದು ನಮ್ಮಲ್ಲಿ ಕಾಣಬೇಕು.

ತಮ್ಮನ ಕೈಯಲ್ಲಿ ಚಾಟ್ನಿ ಚೆನ್ನಾಗಿ ಆಗಿದೆ. ಮಳೆ ಕಾಡದಿದ್ದರೆ ಫೆಬ್ರುವರಿಯ ಎರಡನೆಯ ವಾರದಲ್ಲಿ ನಮ್ಮ ಪಡದಲ್ಲಿ ಕಟಾವು ಆರಂಭವಾಗುತ್ತದೆ. ಮೊದಲ ಗೊನೆ ಕತ್ತರಿಸುವ ಬೆಳಗ್ಗೆ ಚರಗ ಚೆಲ್ಲಬೇಕು, ಆ ಗೊನೆಯನ್ನು ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷ ಕೊಯ್ಲು ಮಾಡಿದ ಹಿರಿಯ ಹೆಣ್ಣುಮಗಳು ಕತ್ತರಿಸಬೇಕು, ಆಳುಗಳೂ ನಾವೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣಬೇಕು ಎಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ. ತಮ್ಮ ಪತ್ರಿಕೆಯ ವರದಿಗಾರರು ಅಂದು ಬರುವುದಾದರೆ ಅವರಿಗೂ ಬುತ್ತಿ ಇರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ದ್ರಾಕ್ಷಿ ಬೆಳೆಗಾರ,
ತಿಕೋಟಾ ತಾಲ್ಲೂಕು, ವಿಜಯಪುರ ಜಿಲ್ಲೆ